ಮೇಷ್ಟ್ರಿಗೆ ದುಡ್ಡು ಯಾಕೆ ಕೊಡಬೇಕು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಊರು ಬೇರೆ, ಕಲೆ ಬೇರೆ, ತಕರಾರು ಹೆಚ್ಚುಕಡಿಮೆ ಒಂದೇ. ಊರಿನವರು ಸೇರಿ ನಾಟಕವನ್ನೋ, ಯಕ್ಷಗಾನದ ಆಟವನ್ನೋ, ಗೋಡೆ ಚಿತ್ರವನ್ನೋ ಮಾಡಲು ಹೊರಡುತ್ತಾರೆ. ಅದನ್ನೇ ಕಸುಬು ಮಾಡಿಕೊಂಡ ಒಬ್ಬಿಬ್ಬರನ್ನು ಜೊತೆಗೆ ಕರೆಸುತ್ತಾರೆ. ಆಮೇಲೆ ಯಾರ ಮಾತು ನಡೆಯಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾರ ಹೆಸರು ಎಲ್ಲಿ ಬರಬೇಕು ಅಂತ ಮನಸ್ತಾಪ ಶುರು. ನಾನು ಹೆಗ್ಗೋಡಿನಲ್ಲಿ ರಂಗಶಿಕ್ಷಣ ಪಡೆದು, ಆಮೇಲೆ ಹಳ್ಳಿ, ಶಾಲೆ, ಮಹಿಳಾ ಸಂಘ ಅಂತ ಊರೂರು ಸುತ್ತಿ ನಾಟಕ ಮಾಡಿಸುತ್ತಾ ಬಂದವಳು. ಈ ವಿಷಯದಲ್ಲಿ ನನಗೆ ಹೇಳುವುದು ಬಹಳ ಇದೆ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರ ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡಬೇಕು ಅಂತ ತೀರ್ಮಾನ ಆಗಿದೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿದ್ದೇವೆ. ಮೇಷ್ಟ್ರ ಸಂಭಾವನೆ, ಸೀನರಿ, ಹೆಣ್ಣು ಪಾತ್ರದವರು, ಮೈಕ್ ಸೆಟ್ ಎಲ್ಲ ಸೇರಿ ಒಂದೊಂದು ಪಾರ್ಟಿನ ಮೇಲೂ ಜಾಸ್ತಿ ದುಡ್ಡು ಬೀಳುತ್ತಿದೆ. ಕೆಲವು ಹುಡುಗರು, ಮ್ಯೂಸಿಕ್ ಟ್ರ್ಯಾಕ್ ಮೊಬೈಲಲ್ಲೇ ಹಾಕಿಕೊಂಡರೆ ಆಯಿತು, ಮೇಷ್ಟ್ರಿಗೆ ದುಡ್ಡು ಯಾಕೆ ಕೊಡಬೇಕು ಅಂತ ಕೇಳ್ತಾರೆ. ಅದೇ ಹುಡುಗರು ತಾಲೀಮಿಗೂ ಸರಿಯಾಗಿ ಬರಲ್ಲ. ನಾನು ಎರಡನೇ ದುರ್ಯೋಧನ. ಏನು ಮಾಡಲಿ?
– ಒಬ್ಬ ರೈತ, ಮಳವಳ್ಳಿ ತಾಲ್ಲೂಕು

ಉತ್ತರ: ಎರಡನೇ ದುರ್ಯೋಧನ ಅಂದಿರಲ್ಲ, ಅದನ್ನು ಓದಿ ಬಹಳ ಖುಷಿಯಾಯಿತು. ಬೇರೆ ಕಡೆಯ ಓದುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಂಡ್ಯ, ಮೈಸೂರು, ಹಾಸನ, ತುಮಕೂರು ಕಡೆಯ ಹಳ್ಳಿಗಳಲ್ಲಿ ಒಂದೇ ರಾತ್ರಿಯ ನಾಟಕದಲ್ಲಿ ದುರ್ಯೋಧನನೂ ಕೃಷ್ಣನೂ ಇಬ್ಬರು ಮೂವರು ಇರುತ್ತಾರೆ. ದೊಡ್ಡ ಪಾರ್ಟನ್ನು ಹಂಚಿಕೊಂಡರೆ ಹಾಡುವ ಆಸೆ ಇರುವ ಹೆಚ್ಚು ಜನಕ್ಕೆ ಅವಕಾಶ ಸಿಗುತ್ತದೆ, ಖರ್ಚೂ ಹಂಚಿಹೋಗುತ್ತದೆ. ಪಾರ್ಟಿಗೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಿ, ಹಗಲು ಗದ್ದೆ ಕೆಲಸ ಮಾಡಿ, ರಾತ್ರಿ ದೇವಸ್ಥಾನದ ಪಡಸಾಲೆಯಲ್ಲಿ ಕೂತು ಕಂದ, ಸೀಸ ಪದ್ಯ ಕಲಿಯುವ ಜನ ಇವರು. ಇಂಥ ನಾಟಕವನ್ನು ಪೇಟೆಯ ಕೆಲವರು ಹಗುರವಾಗಿ ನೋಡುತ್ತಾರೆ. ನನಗೆ ಅದು ಯಾವತ್ತೂ ಒಪ್ಪಿಗೆಯಾಗಿಲ್ಲ.

ಈಗ ಮೇಷ್ಟ್ರ ವಿಷಯ. ಆ ಹುಡುಗರಿಗೆ ಹೀಗೆ ಹೇಳಿ: ಪಕ್ಕದ ಯಾವುದಾದರೂ ಊರಲ್ಲಿ ಪೌರಾಣಿಕ ನಾಟಕ ಇದ್ದರೆ ಹೋಗಿ, ರಂಗದ ಮುಂದೆ ಕಾಲುಪೆಟ್ಟಿಗೆ (ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ) ಇಟ್ಟುಕೊಂಡು ಕೂತಿರುತ್ತಾರಲ್ಲ ಮೇಷ್ಟ್ರು, ಅವರ ಪಕ್ಕದಲ್ಲೇ ಒಂದು ರಾತ್ರಿ ಕೂತು ನೋಡಿ. ಪಾತ್ರಧಾರಿಯ ಮುಖ ನೋಡುವುದು ಬೇಡ, ಮೇಷ್ಟ್ರ ಕೈ ನೋಡಿ ಅಂತ.

ಕರ್ಣ ಬರುತ್ತಾನೆ. ಪೆಟ್ಟಿಗೆಯ ಮೂರನೇ ಕಪ್ಪು ಮನೆಯ ಶ್ರುತಿಯಲ್ಲಿ ಎತ್ತಬೇಕಾದ ಪದ್ಯವನ್ನು ಗಾಬರಿಯಲ್ಲಿ ಒಂದು ಮನೆ ಮೇಲಕ್ಕೆ ಎತ್ತಿಬಿಡುತ್ತಾನೆ. ಮೇಷ್ಟ್ರು ಅವನ ಮೊದಲ ಸ್ವರ ಕೇಳಿದ ಕೂಡಲೇ ಬೆರಳು ಸರಿಸಿ ಅವನ ಶ್ರುತಿಗೇ ಹೋಗಿ ಕೂರುತ್ತಾರೆ. ಕೆಳಗೆ ಕೂತ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಎರಡನೇ ಸಾಲಿನಲ್ಲಿ ಅವನಿಗೆ ಉಸಿರು ಸಾಲುವುದಿಲ್ಲ. ಮೇಷ್ಟ್ರು ಅಲ್ಲೊಂದು ಸಣ್ಣ ಸಂಗತಿ ನುಡಿಸಿ, ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ತುಂಬಿಕೊಡುತ್ತಾರೆ. ತಬಲದವರಿಗೆ ಕಣ್ಣಲ್ಲೇ ಹೇಳುತ್ತಾರೆ, ತಾಳ ನಿಲ್ಲಿಸು ಅಂತ. ಮೂರನೇ ಸಾಲು ಅವನಿಗೆ ಮರೆತೇಹೋಗಿದೆ. ಆ ಸಾಲಿನ ಎತ್ತುಗಡೆಯನ್ನು ಪೆಟ್ಟಿಗೆಯಲ್ಲಿ ನುಡಿಸಿದ ಕೂಡಲೇ ಮಟ್ಟು ಕಿವಿಗೆ ಬಿದ್ದು ಮಾತು ತಾನಾಗಿ ಬಾಯಿಗೆ ಬರುತ್ತದೆ. ಪದ್ಯ ಮುಗಿಯುತ್ತದೆ, ಶಿಳ್ಳೆ ಬೀಳುತ್ತದೆ, ಒನ್ಸ್ ಮೋರ್ ಬೀಳುತ್ತದೆ. ಇದೆಲ್ಲ ಬೆಳಗಿನ ಜಾವ ಮೂರು ಗಂಟೆಗೆ, ಇಡೀ ರಾತ್ರಿ ನಿದ್ದೆಗೆಟ್ಟ ಬೆರಳುಗಳಿಂದ ನಡೆಯುವ ಕೆಲಸ.

ಮೊಬೈಲ್ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ದಿನಾ ಹಾಡುವವರಿಗೆ ಟ್ರ್ಯಾಕು ಸರಿಹೋಗಬಹುದು, ಏಕೆಂದರೆ ಅವರು ತಪ್ಪುವುದು ಕಡಿಮೆ. ವರ್ಷಕ್ಕೊಂದು ಸಲ ಬಣ್ಣ ಹಚ್ಚುವವರಿಗೇ ಮೇಷ್ಟ್ರು ಬೇಕಾಗಿರುವುದು. ದುಡ್ಡು ಉಳಿಸಲೇಬೇಕಾದರೆ ಫ್ಲೆಕ್ಸ್ ಕಡಿಮೆ ಮಾಡಿ, ಲೈಟಿನ ಕಮಾನು ಕಡಿಮೆ ಮಾಡಿ. ಊರ ಬಾಗಿಲಿಂದ ದೇವಸ್ಥಾನದವರೆಗೆ ಪ್ರತಿ ಪಾತ್ರಧಾರಿಯ ಮುಖ ನೇತುಹಾಕದಿದ್ದರೆ ನಾಟಕಕ್ಕೆ ಏನೂ ನಷ್ಟವಿಲ್ಲ.

ಇನ್ನೊಂದು ವಿಷಯವನ್ನೂ ಹುಡುಗರಿಗೆ ತಿಳಿಸಿ. ಈ ಮಟ್ಟುಗಳು, ಈ ಪರದೆಗಳು, ಈ ಠೀವಿ ಎಲ್ಲ ಕಂಪನಿ ನಾಟಕಗಳಿಂದ ಬಂದದ್ದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿಗಳು ಒಂದೊಂದಾಗಿ ಮುಚ್ಚಿಕೊಂಡಾಗ ಅಲ್ಲಿ ಪೆಟ್ಟಿಗೆ ನುಡಿಸುತ್ತಿದ್ದವರು, ಪಾರ್ಟು ಮಾಡುತ್ತಿದ್ದವರು, ಪರದೆ ಬರೆಯುತ್ತಿದ್ದವರು ಹಳ್ಳಿಗಳ ಕಡೆ ಬಂದರು. ನಿಮ್ಮಂಥ ಊರುಗಳು ಅವರನ್ನು ಕರೆದು ಊಟ ಹಾಕಿ, ಸಂಭಾವನೆ ಕೊಟ್ಟು ಕಲಿತವು. ಇವತ್ತಿಗೂ ಆ ರಂಗಗೀತೆಗಳು ಬಾಯಲ್ಲಿ ಉಳಿದಿದ್ದರೆ ಅದು ಈ ಕೊಡುಕೊಳ್ಳುವಿಕೆಯಿಂದ. ಕಂಪನಿಯವರು ಇಲ್ಲದಿದ್ದರೆ ಹಳ್ಳಿಗೆ ಹಾಡು ಸಿಗುತ್ತಿರಲಿಲ್ಲ. ಹಳ್ಳಿಯವರು ಇಲ್ಲದಿದ್ದರೆ ಹಾಡಿಗೆ ಬಾಯಿ ಸಿಗುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಮೇಷ್ಟ್ರನ್ನೂ ಒಂದು ಮಾತು ಕೇಳಬೇಕು. ತಾಲೀಮಿಗೆ ಎಷ್ಟು ಸಂಜೆ ಬರುತ್ತೀರಿ, ಪ್ರತಿಯೊಬ್ಬರಿಗೂ ಶ್ರುತಿ ಗೊತ್ತುಮಾಡಿ ಬರೆದುಕೊಡುತ್ತೀರಾ, ಊರಿನ ಇಬ್ಬರು ಹುಡುಗರನ್ನು ಪೆಟ್ಟಿಗೆ ಪಕ್ಕ ಕೂರಿಸಿಕೊಂಡು ಸ್ವರ ಹೇಳಿಕೊಡುತ್ತೀರಾ ಅಂತ. ಕಸುಬಿನವರಿಗೆ ಕೊಡುವ ದುಡ್ಡು ಒಂದು ರಾತ್ರಿಯ ಪ್ರದರ್ಶನಕ್ಕೆ ಮಾತ್ರ ಸಲ್ಲಬಾರದು. ಅವರು ಹೋದ ಮೇಲೆ ಊರಲ್ಲಿ ಏನಾದರೂ ಉಳಿಯಬೇಕು. ಮುಂದಿನ ವರ್ಷ ಮೇಷ್ಟ್ರು ಬರುವುದಕ್ಕೆ ಮೊದಲೇ ನಿಮ್ಮ ಹುಡುಗನೊಬ್ಬ ಶ್ರುತಿ ಹಿಡಿದು ಪಾಠ ಶುರುಮಾಡಿದ ಅಂದರೆ, ಕೊಟ್ಟ ದುಡ್ಡು ಬಂತು ಅಂತಲೇ ಲೆಕ್ಕ.

ತಾಲೀಮಿಗೆ ಬಾರದ ಹುಡುಗರ ಬಗ್ಗೆ: ಇದನ್ನು ಮೇಷ್ಟ್ರ ತಲೆಗೆ ಕಟ್ಟಬೇಡಿ. ಅವರು ಹೊರಗಿನವರು, ಬೈದರೆ ಊರಿಗೂ ಅವರಿಗೂ ಕೆಡುತ್ತದೆ. ಊರಿನ ಹಿರಿಯರೊಬ್ಬರು ಹಾಜರಿ ಪುಸ್ತಕ ಇಡಲಿ. ಪಾರ್ಟಿಗೆ ದುಡ್ಡು ಕೊಟ್ಟಿದ್ದೀನಿ, ಯಾವಾಗ ಬೇಕಾದರೂ ಬರ್ತೀನಿ ಅನ್ನುವ ಮಾತು ನಡೆಯಬಾರದು. ಒಬ್ಬ ಶಕುನಿ ಬರದಿದ್ದರೆ ಸಭಾಪರ್ವದಲ್ಲಿ ಇರುವ ಅಷ್ಟೂ ಜನ ಸುಮ್ನೆ ಕೂರಬೇಕು ಅಲ್ವಾ? ತಾಲೀಮು ತಪ್ಪಿಸಿದವರ ಪದ್ಯವನ್ನು ಮೊದಲನೇ ದುರ್ಯೋಧನನೋ ಎರಡನೇ ದುರ್ಯೋಧನನೋ ಹಾಡುತ್ತಾನೆ ಅಂತ ಮೊದಲೇ ಹೇಳಿಬಿಡಿ. ನಾನು ಕಂಡ ಹಾಗೆ, ಪದ್ಯ ಕೈತಪ್ಪುತ್ತೆ ಅಂದರೆ ಎಂಥವರೂ ಓಡಿಬರುತ್ತಾರೆ.

ಹೆಣ್ಣು ಪಾತ್ರದವರನ್ನು ನಾಟಕದ ದಿನ ಮಾತ್ರ ಕರೆಸುತ್ತೀರಾ? ಒಂದು ಕೂಡು ತಾಲೀಮಿಗಾದರೂ ಕರೆಸಿ, ಅದಕ್ಕೆ ಬೇರೆ ಸಂಭಾವನೆ ಕೊಡಿ. ಯಾಕೆ ಅನ್ನುವುದಕ್ಕೆ ಕೆಳಗಿನ ಪತ್ರವನ್ನೇ ಓದಿ. ಸಾಧ್ಯವಾದರೆ ನಿಮ್ಮ ಹುಡುಗರಿಗೂ ಓದಿ ಹೇಳಿ.

ಪ್ರಶ್ನೆ: ಮದುವೆಗೆ ಮುಂಚಿನಿಂದ ಹಳ್ಳಿ ನಾಟಕಗಳಲ್ಲಿ ದ್ರೌಪದಿ, ಕುಂತಿ, ಉತ್ತರೆ ಪಾತ್ರ ಮಾಡಿಕೊಂಡು ಬಂದಿದ್ದೇನೆ ಅಕ್ಕ. ಇದೇ ನನ್ನ ಅನ್ನ. ಫೋನಲ್ಲಿ ಒಂದು ಮೊತ್ತ ಹೇಳ್ತಾರೆ, ಬೆಳಗ್ಗೆ ಕೊಡುವಾಗ ಒಂದು. ಬಟ್ಟೆ ಬದಲಾಯಿಸಲು ಟಾರ್ಪಾಲಿನ ಮರೆ. ಪಾತ್ರದ ನಡುವೆ ಕುಡಿದವರು ಹಾರ ಹಾಕೋ ನೆಪದಲ್ಲಿ ಮೇಲೆ ಹತ್ತಿಬರ್ತಾರೆ. ಎದುರು ಪಾತ್ರದವರಿಗೆ ಮಾತೇ ಬರದೆ ಇದ್ದಾಗ ಅವರ ಮಾತನ್ನೂ ನಾನೇ ಸೇರಿಸಿ ಹೇಳಿ ದೃಶ್ಯ ಮುಗಿಸಿದ್ದೇನೆ. ಆದರೂ 'ದುಡ್ಡಿಗೆ ಬಂದವಳು' ಅಂತಾರೆ. ಇವರ ಜೊತೆ ಹೇಗೆ ಕೆಲಸ ಮಾಡಲಿ?
– ಒಬ್ಬ ಕಲಾವಿದೆ, ತುಮಕೂರು ಜಿಲ್ಲೆ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ದುಡ್ಡಿಗೆ ಬಂದವಳು ಅನ್ನುವುದರಲ್ಲಿ ತಪ್ಪೇನಿದೆ? ಪರದೆ ಕಟ್ಟುವವರೂ, ಮೈಕಿನವರೂ, ಶಾಮಿಯಾನದವರೂ ದುಡ್ಡಿಗೇ ಬಂದವರು. ಅವರನ್ನು ಯಾರೂ ಹಾಗೆ ಅನ್ನುವುದಿಲ್ಲ. ಹೆಣ್ಣು ರಂಗದ ಮೇಲೆ ನಿಂತು ದುಡಿದಾಗ ಮಾತ್ರ ಈ ಮಾತು ಬರುತ್ತದೆ. ಅದು ಹಳೇ ಕಾಯಿಲೆ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಎಲ್ಲ ಪಾತ್ರಗಳಿಗೂ ಹೆಣ್ಣುಮಕ್ಕಳನ್ನೇ ನಿಲ್ಲಿಸಿ, ತಾವೇ ಕಂಸ, ದುರ್ಯೋಧನನ ಪಾತ್ರ ಮಾಡಿ ಗೆದ್ದು ತೋರಿಸಿದರು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅಂಥವರು ಹಾಕಿಕೊಟ್ಟ ದಾರಿಯಲ್ಲಿ ನಡೆಯುತ್ತಿರುವವರು ನೀವು.

ಈಗ ಮಾಡಬೇಕಾದ್ದು. ಒಪ್ಪಿಕೊಳ್ಳುವಾಗಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ: ಇಷ್ಟು ಸಂಭಾವನೆ, ಅರ್ಧ ಮುಂಗಡ, ಉಳಿದದ್ದು ಬಣ್ಣ ಹಚ್ಚುವ ಮೊದಲು. ಬಟ್ಟೆ ಬದಲಾಯಿಸಲು ಬಾಗಿಲು ಹಾಕುವ ಕೋಣೆ ಬೇಕು. ಶಾಲೆ ಕೋಣೆ ಆಗಬಹುದು, ಹತ್ತಿರದ ಮನೆ ಆಗಬಹುದು, ಶೌಚಾಲಯ ಮಾತ್ರ ಇರಬೇಕು. ಬೆಳಗ್ಗೆ ಬಸ್ ನಿಲ್ದಾಣದ ತನಕ ಬಿಡುವುದು ಅವರ ಹೊಣೆ. ಹಾರ ಹಾಕುವವರು ಅಂಕ ಮುಗಿದ ಮೇಲೆ, ಪರದೆ ಬಿದ್ದ ಮೇಲೆ ಹಾಕಲಿ. ಮುಖಂಡರು 'ಆಯ್ತು' ಅಂತ ಉತ್ತರ ಹಾಕಿದರೆ ಸಾಕು, ಬೆಳಗ್ಗೆ ತೋರಿಸಲು ಅದು ಇರುತ್ತದೆ. ಒಬ್ಬರೇ ಕೇಳಿದರೆ 'ಜಾಸ್ತಿ ಜಂಭ' ಅಂತಾರೆ. ಹಾಗಾಗಿ ನಿಮ್ಮ ಕಡೆಯ ನಾಲ್ಕೈದು ಕಲಾವಿದೆಯರು ಕೂಡಿ ಇದನ್ನೇ ಎಲ್ಲರೂ ಕೇಳುವಂತೆ ಮಾಡಿಕೊಳ್ಳಿ. ನಿಮ್ಮೊಳಗೆ ಒಬ್ಬರು ಕಡಿಮೆಗೆ ಒಪ್ಪಿಕೊಂಡರೆ ಉಳಿದವರ ಮಾತು ಬಿದ್ದುಹೋಗುತ್ತದೆ.

ಇನ್ನೊಂದು ಮುಖ್ಯವಾದ ಮಾತು. ಕರಪತ್ರಗಳನ್ನು ಎಸೆಯಬೇಡಿ. 'ಸ್ತ್ರೀ ಪಾತ್ರಗಳಲ್ಲಿ' ಅಂತ ನಿಮ್ಮ ಹೆಸರು ಅಚ್ಚಾದ ಪ್ರತಿಯೊಂದು ಕರಪತ್ರವನ್ನೂ, ಊರು ದಿನಾಂಕ ಕಾಣುವ ಫೋಟೊವನ್ನೂ ಒಂದು ಫೈಲಿನಲ್ಲಿ ಇಡಿ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವ ಕಾಲಕ್ಕೆ ಇಷ್ಟು ವರ್ಷ ದುಡಿದಿದ್ದೇನೆ ಅನ್ನುವುದಕ್ಕೆ ಪುರಾವೆ ಬೇಕಾಗುತ್ತದೆ. ಆಗ ಈ ಕರಪತ್ರಗಳೇ ನಿಮ್ಮ ಆಸ್ತಿ. ಹೆಸರು ಹಾಕದ ಊರಿಗೆ, ಹೆಸರು ಹಾಕಿ ಅಂತ ಕೇಳಿಯೇ ಒಪ್ಪಿಕೊಳ್ಳಿ.

ಮತ್ತೆ, ಎದುರು ಪಾತ್ರದವರ ಮಾತನ್ನೂ ನೀವೇ ಸೇರಿಸಿ ಹೇಳಿ ದೃಶ್ಯ ಮುಗಿಸಿದ್ದು. ಇದು ದೊಡ್ಡ ವಿದ್ಯೆ. ಬೆವರುತ್ತಾ ನಿಂತ ದುಶ್ಶಾಸನನ ಮಾನ ನೀವು ಕಾಪಾಡಿದ್ದೀರಿ. ಅವನ ಹೆಂಡತಿ, ಮಕ್ಕಳು ಕೆಳಗೆ ಕೂತಿದ್ದರು. ಕೂಡು ತಾಲೀಮಿಗೆ ಕರೆದರೆ ಇದನ್ನೇ ಅವರಿಗೆ ಹೇಳಿಕೊಡಿ: ಮಾತು ಮರೆತಾಗ ಎಲ್ಲಿ ನೋಡಬೇಕು, ಹೇಗೆ ಒಂದು ಹೆಜ್ಜೆ ನಡೆದು ಹೊತ್ತು ತೆಗೆದುಕೊಳ್ಳಬೇಕು ಅಂತ. ಊರಲ್ಲಿ ಆಸೆ ಇರುವ ಹೆಣ್ಣುಮಗಳೊಬ್ಬಳು ಉತ್ತರೆ ಪಾರ್ಟು ಮಾಡ್ತೀನಿ ಅಂದರೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ನಿಮ್ಮ ಕೆಲಸ ಹೋಗುತ್ತದೆ ಅನ್ನುವ ಭಯ ಬೇಡ. ಊರಿನ ಹೆಣ್ಣುಮಗಳು ರಂಗ ಹತ್ತಿದ ಕಡೆ ಕೋಣೆಯೂ ಸಿಗುತ್ತದೆ, ಕುಡಿದವರನ್ನು ತಡೆಯುವ ಜನವೂ ಸಿಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ನಮ್ಮದು ಮಹಿಳೆಯರ ಹವ್ಯಾಸಿ ಯಕ್ಷಗಾನ ತಂಡ. ಹಿಮ್ಮೇಳಕ್ಕೆ ಮೇಳದ (ಕಸುಬಿನ ಯಕ್ಷಗಾನ ತಂಡದ) ಭಾಗವತರನ್ನು (ಹಾಡುವವರನ್ನು), ಒಂದು ವೇಷಕ್ಕೆ ಮೇಳದ ಅತಿಥಿ ಕಲಾವಿದರನ್ನು ಕರೆಸುತ್ತೇವೆ. ಅವರು ಆಟದ ದಿನ ಸಂಜೆ ಬರುತ್ತಾರೆ. ನಾವು ಕಲಿತ ಕಾಲಕ್ಕೂ (ತಾಳದ ವೇಗಕ್ಕೂ) ಅವರು ಹೇಳುವ ಕಾಲಕ್ಕೂ ಹೊಂದುವುದಿಲ್ಲ. ಅತಿಥಿಗಳು ಅರ್ಥ (ಪದ್ಯದ ಮೇಲೆ ಆಡುವ ಮಾತು) ಹೇಳುತ್ತಾ ಎಲ್ಲಿಗೋ ಹೋಗುತ್ತಾರೆ, ನಾವು ಬಾಯಿ ಕಟ್ಟಿದವರ ಹಾಗೆ ನಿಲ್ಲುತ್ತೇವೆ.
– ಗೃಹಿಣಿ, ಕುಂದಾಪುರ ತಾಲ್ಲೂಕು

ಉತ್ತರ: ಮೇಳದವರು ದೀಪಾವಳಿ ಆದ ಮೇಲೆ ಹೊರಟರೆ ಮೇ ಕೊನೆಯ ಪತ್ತನಾಜೆ (ತುಳುನಾಡಿನಲ್ಲಿ ಆಟಗಳು ಮುಗಿಯುವ ದಿನ) ಹೊತ್ತಿನ ತನಕ ದಿನಾ ರಾತ್ರಿ ಕುಣಿಯುವವರು, ಹಾಡುವವರು. ಅವರಿಗೆ ಪ್ರಸಂಗ (ಆಟದ ಕಥೆ) ರಕ್ತದಲ್ಲೇ ಇರುತ್ತದೆ, ತಾಲೀಮು ಅನ್ನುವುದೇ ಬೇಡ. ನೀವು ಗಂಡ ಮಕ್ಕಳ ಊಟ ಮುಗಿಸಿ, ಮಧ್ಯಾಹ್ನ ಸಿಕ್ಕ ಹೊತ್ತಿನಲ್ಲಿ ಕಲಿತವರು. ಅವರಿಗೆ ಅಭ್ಯಾಸವಾದದ್ದು ನಿಮಗೂ ಅಭ್ಯಾಸವಾಗಿರುತ್ತದೆ ಅಂತ ಅವರು ಅಂದುಕೊಳ್ಳುತ್ತಾರೆ. ಬೇಕೆಂದು ಮಾಡುವವರು ಬಹಳ ಕಡಿಮೆ.

ಮೊದಲು, ಮೇಳದವರನ್ನು ಮಳೆಗಾಲದಲ್ಲಿ ಹಿಡಿಯಿರಿ. ಜೂನ್‌ನಿಂದ ಅವರಿಗೆ ಬಿಡುವು, ಸಂಪಾದನೆಯೂ ಕಡಿಮೆ. ಆ ತಿಂಗಳುಗಳಲ್ಲಿ ವಾರಕ್ಕೊಂದು ಪಾಠಕ್ಕೆ ಗೌರವಧನ ಗೊತ್ತುಮಾಡಿ ಕರೆಸಿದರೆ ಅವರಿಗೂ ಅನುಕೂಲ, ನಿಮಗೂ ನಿಧಾನವಾಗಿ ಕಲಿಯಲು ಸಮಯ. ಆಟಕ್ಕೆ ಬರುವ ಭಾಗವತರೇ ಪಾಠಕ್ಕೂ ಬಂದರೆ ಎಲ್ಲಕ್ಕಿಂತ ಒಳ್ಳೆಯದು.

ಎರಡನೆಯದು, ಆಟದ ದಿನ ಮಧ್ಯಾಹ್ನವೇ ಒಂದು ಗಂಟೆ ಭಾಗವತರ ಜೊತೆ ಕೂರಲು ಕೇಳಿ. ಯಾವ ಪದ್ಯ ಇರುತ್ತದೆ, ಯಾವುದು ಬಿಡುತ್ತೇವೆ, ಯಾವ ತಾಳ, ಎಲ್ಲಿ ಬಿಡ್ತಿಗೆ (ಚೆಂಡೆ ಮದ್ದಳೆಯ ನುಡಿಕೆ), ಎಲ್ಲಿ ಅರ್ಥಕ್ಕೆ ನಿಲ್ಲುವುದು ಅಂತ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ನನಗೆ ಈ ಕಾಲಕ್ಕೆ ಕುಣಿಯಲು ಬರುತ್ತದೆ, ಇದಕ್ಕಿಂತ ಜೋರಾದರೆ ಹೆಜ್ಜೆ ತಪ್ಪುತ್ತದೆ ಅಂತ ನೇರವಾಗಿ ಹೇಳಿ. ಒಳ್ಳೆಯ ಭಾಗವತರು ವೇಷದ ಕಾಲು ನೋಡಿಕೊಂಡೇ ತಾಳ ಹಿಡಿಯುತ್ತಾರೆ. ನಿಮ್ಮ ಕಾಲಿನ ಅಂದಾಜು ಅವರಿಗೆ ಮೊದಲೇ ಸಿಗಲಿ.

ಅರ್ಥದ ವಿಷಯಕ್ಕೆ ಬಂದರೆ, ಬಾಯಿಪಾಠ ಮಾಡಿದ ಮಾತು ಮೇಳದವರ ಎದುರು ನಿಲ್ಲುವುದಿಲ್ಲ. ಯಕ್ಷಗಾನದ ಮಾತು ಆ ಕ್ಷಣಕ್ಕೆ ಹುಟ್ಟಬೇಕು. ಅದಕ್ಕೆ ತಾಳಮದ್ದಳೆಗಿಂತ ಒಳ್ಳೆಯ ಶಾಲೆ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದಷ್ಟೇ. ಅಲ್ಲಿ ಶಾಲೆ ಮೇಷ್ಟ್ರು, ವಕೀಲರು, ಕೃಷಿಕರು ಮೇಳದ ದೊಡ್ಡ ಹೆಸರಿನವರ ಎದುರು ಕೂತು ಅರ್ಥ ಹೇಳುತ್ತಾ ಬಂದಿದ್ದಾರೆ. ಮೇಳದವರು, ಹವ್ಯಾಸಿಗಳು ಸರಿಸಮವಾಗಿ ಕೂರುವ ಇಂಥ ಜಾಗ ನಮ್ಮ ಬೇರೆ ಕಲೆಗಳಲ್ಲಿ ನನಗೆ ಕಂಡಿಲ್ಲ. ಕರಾವಳಿಯವರು ಇದರ ಬಗ್ಗೆ ಹೆಮ್ಮೆ ಪಡಬೇಕು. ನಿಮ್ಮ ತಂಡ ತಿಂಗಳಿಗೊಂದು ಕೂಟ ಇಟ್ಟುಕೊಳ್ಳಲಿ. ಯಾರ ಮನೆ ಚಾವಡಿಯಾದರೂ ಆದೀತು.

ಅತಿಥಿಗಳಿಗೂ ಹೇಳಬೇಕಾದ್ದಿದೆ. ಎದುರಿನವರಿಗೆ ಉತ್ತರ ಸಿಗುವಂಥ ಪ್ರಶ್ನೆ ಹಾಕುವುದು ದೊಡ್ಡ ಕಲಾವಿದರ ಲಕ್ಷಣ. ಚಪ್ಪಾಳೆಗೋಸ್ಕರ ಹೊಸಬರನ್ನು ಮೂಲೆಗೆ ತಳ್ಳುವವರನ್ನು ಮುಂದಿನ ವರ್ಷ ಕರೆಯಬೇಡಿ, ಎಷ್ಟೇ ಹೆಸರಿದ್ದರೂ. ಮತ್ತೆ, ಚೌಕಿಯಲ್ಲಿ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ) ಬೇಗ ಹೋಗಿ ಕೂರಿ. ಮುಂಡಾಸು ಎಷ್ಟು ಬಿಗಿ ಕಟ್ಟಿದರೆ ತಲೆ ಸುತ್ತುವುದಿಲ್ಲ, ಎಷ್ಟು ಸಡಿಲವಾದರೆ ಗಿರ್ಕಿಗೆ (ಗಿರಗಿರ ಸುತ್ತುವ ಕುಣಿತಕ್ಕೆ) ಜಾರುತ್ತದೆ ಅನ್ನುವುದನ್ನು ಅನುಭವದವರ ಕೈ ನೋಡಿಯೇ ಕಲಿಯಬೇಕು.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ, ಸಂಜೆ ನಾಟಕ. ತಂಡಕ್ಕೆ ಬಂದ ನಿರ್ದೇಶಕರು 'ನೀವೆಲ್ಲ ಹವ್ಯಾಸಿಗಳು' ಅಂತ ಮಾತು ಮಾತಿಗೂ ಹೇಳುತ್ತಾರೆ. ಮನಸ್ಸಿಗೆ ನೋವಾಗುತ್ತದೆ.
– ಬೆಂಗಳೂರು

ಉತ್ತರ: ಕನ್ನಡ ರಂಗಭೂಮಿಯ ಬಹುಪಾಲು ನಿಮ್ಮಂಥವರು ಕಟ್ಟಿದ್ದು. 1909ರಲ್ಲೇ ಬೆಂಗಳೂರಿನಲ್ಲಿ ಅಮೆಚೂರ್ (ಹವ್ಯಾಸಿ) ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿತು. 1970ರ ದಶಕದಲ್ಲಿ ಬೆನಕ, ಸಮುದಾಯದಂಥ ತಂಡಗಳಲ್ಲಿ ಹಗಲು ಆಫೀಸು, ಸಂಜೆ ತಾಲೀಮು ಅಂತ ದುಡಿದವರು ಎಷ್ಟೋ ಜನ. ಅವರ ಜೊತೆ ನಿಂತ ನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಅಲ್ಲಿ ಬೆಳೆದವರು. ಕಂಪನಿಯ ಹಾಡು, ಪೇಟೆ ಹವ್ಯಾಸಿಗಳ ಹುರುಪು ಎರಡೂ ಅವರ ನಾಟಕದಲ್ಲಿ ಕೂಡಿದವು. ಹೆಗ್ಗೋಡಿನ ನೀನಾಸಂ ಕೂಡ 1949ರಲ್ಲಿ ಊರಿನವರೇ ಹವ್ಯಾಸಕ್ಕೆ ಕಟ್ಟಿಕೊಂಡ ಸಂಘ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ಕಸುಬಿನ ನಟರ ತಿರುಗಾಟ ಶುರುವಾಯಿತು. ಆದರೂ ಊರಿನವರ ನಾಟಕ ನಿಲ್ಲಲಿಲ್ಲ. ತೋಟದ ಕೆಲಸ ಮುಗಿಸಿ ಬಂದವರು ಬಣ್ಣ ಹಚ್ಚುವುದನ್ನು ನೋಡಿಕೊಂಡೇ ನಾವು ಅಲ್ಲಿ ಪಾಠ ಕಲಿತೆವು.

ನಿಮ್ಮ ನಿರ್ದೇಶಕರಿಗೆ ನೋವಾಗಿದೆ ಅಂತ ಹೇಳಿ, ಒಬ್ಬರೇ ಸಿಕ್ಕಾಗ. ಜೊತೆಗೆ, ಅವರು ಹಾಗೆ ಅನ್ನುವುದು ನಿಮ್ಮ ತಂಡದವರು ಏಳು ಗಂಟೆ ತಾಲೀಮಿಗೆ ಎಂಟಕ್ಕೆ ಬರುತ್ತಾರೆ ಅನ್ನುವ ಬೇಸರಕ್ಕಾ ಅಂತಲೂ ನೋಡಿ. ಹಾಗಿದ್ದರೆ ಸರಿಪಡಿಸುವುದು ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆ ಕಾಂಪೌಂಡ್ ಗೋಡೆಗೆ ಚಿತ್ತಾರ ಬರೆಸಲು ದಾನಿಗಳು ಮುಂದೆ ಬಂದಿದ್ದಾರೆ. ಬೆಂಗಳೂರಿನಿಂದ ಚಿತ್ರಕಲೆ ಓದಿದ ಕಲಾವಿದರು ಬರುತ್ತಾರೆ. ಊರಿನ ದೀವರ ಸಮುದಾಯದ ಹೆಣ್ಣುಮಕ್ಕಳೂ ಮಕ್ಕಳೂ ಸೇರಬೇಕು ಅನ್ನೋದು ನನ್ನ ಆಸೆ. ಆದರೆ ಕಲಾವಿದರು ವಿನ್ಯಾಸ ತಾವೇ ತಂದು, ಊರಿನವರಿಗೆ ಬಣ್ಣ ತುಂಬುವ ಕೆಲಸ ಕೊಡೋಣ ಅಂತಾರೆ. ಇದು ಸರೀನಾ?
– ಶಿಕ್ಷಕಿ, ಸೊರಬ ತಾಲ್ಲೂಕು

ಉತ್ತರ: ಸರಿಯಲ್ಲ ಟೀಚರ್. ಖಂಡಿತ ಒಪ್ಪಬೇಡಿ.

ದೀವರ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುವ ಅಜ್ಜಿಯ ಕೈಯನ್ನು ಹತ್ತಿರದಿಂದ ನೋಡಿದ್ದೀರಲ್ಲ? ಕೆಮ್ಮಣ್ಣು ಬಳಿದ ಗೋಡೆ. ಒಂದು ಗರಟೆಯಲ್ಲಿ ನೆನೆಸಿದ ಅಕ್ಕಿ ಅರೆದ ಬಿಳಿ, ಇನ್ನೊಂದರಲ್ಲಿ ಹುರಿದು ಕಪ್ಪಾದ ಅಕ್ಕಿಯದು, ಮತ್ತೊಂದರಲ್ಲಿ ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರಿನದು. ಅದನ್ನು ಬಣ್ಣದಲ್ಲಿ ಅದ್ದಿ, ಹೆಚ್ಚಾದದ್ದನ್ನು ಗರಟೆಯ ಅಂಚಿಗೆ ಒರೆಸಿ, ಎಳೆಯನ್ನು ಗೋಡೆಗೆ ತಾಗಿಸಿ ಎಳೆಯುತ್ತಾರೆ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ. ಗೆರೆ ಗೆರೆ ಸೇರಿ ಚೌಕಟ್ಟಾಗುತ್ತದೆ, ಅದರೊಳಗೆ ಮದುಮಕ್ಕಳು ಬರುತ್ತಾರೆ. ಭೂಮಿತಾಯಿಯ ಹಬ್ಬವಾದ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುವುದೂ ಇದೇ ಕೈ. ಈ ಹೆಂಗಸರು ಇದನ್ನು ಮದುವೆಗೆ, ಹಬ್ಬಕ್ಕೆ ಬರೆದರು, ಸಂಬಳಕ್ಕೆ ಬರೆಯಲಿಲ್ಲ. ಅಷ್ಟಕ್ಕೇ ಅವರನ್ನು ಹವ್ಯಾಸಿಗಳು ಅಂತ ಪಕ್ಕಕ್ಕೆ ಕೂರಿಸಲಾಗುತ್ತದಾ? ಚಿತ್ತಾರದ ವಿಷಯದಲ್ಲಿ ಅವರು ಗುರುಗಳು, ಬೆಂಗಳೂರಿನವರು ಕಲಿಯುವವರು. ಗೆರೆ ಎಳೆಯುವವರನ್ನು ಬಣ್ಣ ತುಂಬಲು ಕೂರಿಸಿದರೆ ಆ ಗೋಡೆಯ ಮೇಲೆ ಚಿತ್ತಾರದ ನಕಲು ಬರುತ್ತದೆ, ಚಿತ್ತಾರ ಬರುವುದಿಲ್ಲ.

ಹಾಗಂತ ಬೆಂಗಳೂರಿನ ಕಲಾವಿದರು ಬೇಡ ಅಂತ ನಾನು ಹೇಳುವುದಿಲ್ಲ. ಅವರಿಲ್ಲದೆ ಈ ಕೆಲಸ ಕೆಡುತ್ತದೆ. ಚಿತ್ತಾರ ಇದ್ದದ್ದು ಮನೆಯೊಳಗಿನ ಮಣ್ಣಿನ ಗೋಡೆಯ ಮೇಲೆ. ನಿಮ್ಮದು ಹೊರಗಿನ ಸಿಮೆಂಟ್ ಗೋಡೆ. ಮಲೆನಾಡಿನ ಮಳೆಗೆ ಕೆಮ್ಮಣ್ಣು, ಅಕ್ಕಿ ಬಿಳಿ ಒಂದು ಆಷಾಢ ಉಳಿಯುವುದಿಲ್ಲ. ಗೋಡೆಯ ಪಾಚಿ ಕೆರೆಯುವುದು, ಪಸೆ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು, ಒಣಗಿದ ಮೇಲೆ ಪ್ರೈಮರ್ ಹೊಡೆಯುವುದು, ಕೆಮ್ಮಣ್ಣಿನ ಕೆಂಪಿಗೆ ಹೊಂದುವ ಹೊರಗೋಡೆ ಬಣ್ಣ ಬೆರೆಸುವುದು, ಎರಡು ಮೊಳದ ಚಿತ್ತಾರ ಉದ್ದನೆಯ ಗೋಡೆಗೆ ಹೇಗೆ ಹರಡಬೇಕು ಅಂತ ಯೋಚಿಸುವುದು. ಇದೆಲ್ಲ ಕಾಲೇಜಿನಲ್ಲಿ ಕಲಿತವರ ಕೆಲಸ. ಇದನ್ನು ಅವರಿಗೆ ಪೂರ್ತಿ ಬಿಟ್ಟುಕೊಡಿ, ಮಧ್ಯೆ ಬಾಯಿ ಹಾಕಬೇಡಿ. ಪುಂಡಿ ನಾರು ಅಂಗಡಿ ಬಣ್ಣಕ್ಕೆ ಹೊಂದುತ್ತದಾ, ಎಷ್ಟು ತೆಳು ಮಾಡಿದರೆ ಗೆರೆ ಹರಿಯುತ್ತದೆ ಅನ್ನುವುದನ್ನು ಅಜ್ಜಿಯರೂ ಅವರೂ ಕೂಡಿ ಒಂದು ಹಲಗೆಯ ಮೇಲೆ ಮೊದಲು ಪರೀಕ್ಷೆ ಮಾಡಿ ನೋಡಲಿ. ಆ ಒಂದು ದಿನ ಅಕ್ಕಪಕ್ಕ ಕೂತರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಮಕ್ಕಳಿಗೆ ಗೋಡೆಯ ಕೆಳಭಾಗ ಕೊಡಿ, ಅವರ ಎತ್ತರಕ್ಕೆ. ಅಲ್ಲಿ ಗೆರೆ ಸೊಟ್ಟ ಬಂದರೆ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಕಲಾವಿದರು ಅದನ್ನು ತಿದ್ದಬಾರದು. ಇದನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಮಗು ಬೆಳಗ್ಗೆ ಬಂದು ತನ್ನ ಹಕ್ಕಿ ಎಲ್ಲಿ ಅಂತ ಹುಡುಕುತ್ತದೆ.

ದುಡ್ಡಿನ ಮಾತು ಬಂದಾಗ ದಾನಿಗಳನ್ನು ನೇರವಾಗಿ ಕೇಳಿ: ಕಲಾವಿದರಿಗೆ ದಿನಕ್ಕೆ ಸಂಭಾವನೆ ಇದೆ, ಅಜ್ಜಿಯರಿಗೆ ಏನು? ಹೂ, ಹಣ್ಣು, ಸೀರೆ ಕೊಟ್ಟು ಕಳಿಸುವುದು ಸಾಲದು. ಗದ್ದೆ ಕೆಲಸ ಬಿಟ್ಟು ಬರುತ್ತಾರೆ, ಅವರಿಗೂ ದಿನದ ಲೆಕ್ಕದಲ್ಲೇ ಕೊಡಬೇಕು, ಕೈಯಲ್ಲಿ ವಿದ್ಯೆ ಇರುವವರಿಗೆ ಕೊಡುವ ಹಾಗೆ. ಆ ಗೋಡೆಯ ಫೋಟೊ ಮುಂದೆ ಕ್ಯಾಲೆಂಡರಿಗೋ ಸೀರೆಗೋ ಪುಸ್ತಕಕ್ಕೋ ಹೋಗುವುದಾದರೆ ಬರೆದವರನ್ನು ಕೇಳಿಯೇ ಹೋಗಬೇಕು ಅನ್ನುವ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸಿ.

ಕೊನೆಗೆ ಹೆಸರು. ಗೋಡೆಯ ತುದಿಯಲ್ಲಿ ದಾನಿಗಳ ಹೆಸರು ದೊಡ್ಡದಾಗಿ, ಕಲಾವಿದರದ್ದು ಅದರ ಕೆಳಗೆ, ಊರಿನವರು 'ಮತ್ತು ಗ್ರಾಮಸ್ಥರು' ಅಂತ ಬರುವುದು ರೂಢಿ. ಈ ರೂಢಿ ಮುರಿಯಿರಿ. ಗೆರೆ ಎಳೆದ ಪ್ರತಿಯೊಬ್ಬ ಹೆಣ್ಣುಮಗಳ ಹೆಸರು, ಬಣ್ಣ ಹಚ್ಚಿದ ಪ್ರತಿ ಮಗುವಿನ ಹೆಸರು, ಗೋಡೆ ಕೆರೆದು ಪ್ರೈಮರ್ ಹೊಡೆದವರ ಹೆಸರು, ಕಲಾವಿದರ ಹೆಸರು ಎಲ್ಲ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ. ಜಾಗ ಸಾಲದಿದ್ದರೆ ಚಿತ್ತಾರದ ಒಂದು ಅಂಚು ಕಡಿಮೆ ಮಾಡಿ. ಹೆಸರುಗಳನ್ನು ಬರೆಯುವ ಕೆಲಸ ನಿಮ್ಮ ಏಳನೇ ತರಗತಿಯ ಮಕ್ಕಳಿಗೆ ಕೊಡಿ. ಕಾಗುಣಿತ ಮಾತ್ರ ನೀವೇ ನೋಡಿಕೊಳ್ಳಿ.